ತಮಟೆಯ ಏಟಿಗೆ ಎಷ್ಟು ಲಿಮಿಟರ್?

ರಾಮನಗರ ಸೀಮೆಯ ಬೈರಮಂಗಲ ಕೆರೆಯ ಸುತ್ತಿನ ಹಳ್ಳಿಗಳಲ್ಲಿ ತಮಟೆ ಬಡಿಯುವವರಿಗೆ, ಪೂಜಾ ಕುಣಿತದವರಿಗೆ, ಸೋಬಾನೆ ಹಾಡುವವರಿಗೆ ಬರವಿಲ್ಲ. ಈಗ ಅವರನ್ನು ರೆಕಾರ್ಡ್ ಮಾಡಲು ಹೊರಡುವ ಹುಡುಗರಿಗೂ ಬರವಿಲ್ಲ. ಒಂದು ಕಂಡೆನ್ಸರ್ ಮೈಕು, ಅಂಗೈಯಗಲದ ಆಡಿಯೊ ಇಂಟರ್‌ಫೇಸು, ಒಂದು ಲ್ಯಾಪ್‌ಟಾಪು ಇದ್ದರೆ ಮಲಗುವ ಕೋಣೆಯೇ ಸ್ಟುಡಿಯೊ. ಮಿಕ್ಸಿಂಗ್‌ವರೆಗೆ ಯಾರದೂ ತಕರಾರಿಲ್ಲ. ಮಿಕ್ಸ್ ಆದ ಹಾಡಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಬಂದಾಗ ಮಾತು ಎರಡಾಗುತ್ತದೆ. ಹಾಡನ್ನು ಬೆಂಗಳೂರಿನ ಸ್ಟುಡಿಯೊಗೆ ಕೊಡಬೇಕು ಎನ್ನುವವರು ಕೆಲವರು, ಪುಕ್ಕಟೆ ಪ್ಲಗಿನ್‌ಗಳಲ್ಲೇ ಮುಗಿಸೋಣ ಎನ್ನುವವರು ಉಳಿದವರು.

ಮಾಸ್ಟರಿಂಗ್ ಹಿಂದೆ ಮನೆಯ ಕೆಲಸವಾಗಿರಲಿಲ್ಲ, ಆಗುವಂತೆಯೂ ಇರಲಿಲ್ಲ. ಗ್ರಾಮಫೋನ್ ತಟ್ಟೆಯಲ್ಲಿ ಬೇಸ್ ಮಿತಿಮೀರಿದರೆ ಮುಳ್ಳು ಗೀರು ಬಿಟ್ಟು ಹಾರುತ್ತಿತ್ತು. ಅದನ್ನು ಹದಕ್ಕೆ ತಂದು ತಟ್ಟೆ ಕೊರೆಯಲು ದೊಡ್ಡ ಯಂತ್ರ ಬೇಕಿತ್ತು. ರೆಕಾರ್ಡಿಂಗ್ ಸಲಕರಣೆಯೂ ಹತ್ತಿರವಿರಲಿಲ್ಲ: ಕನ್ನಡ ಸಿನಿಮಾ ಹಾಡುಗಳು ದಶಕಗಳ ಕಾಲ ಬಹುಪಾಲು ಮದರಾಸಿನಲ್ಲೇ ರೆಕಾರ್ಡ್ ಆದವು. ಆಮೇಲೆ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ತೆರೆದರು. ಅದೂ ಸಿನಿಮಾದವರಿಗೆ ಎಟುಕುವ ಮಾತು, ಹಳ್ಳಿಯ ತಂಡಕ್ಕಲ್ಲ.

ಸಲಕರಣೆಯ ಆ ಗೋಡೆ ಈಗ ಬಿದ್ದಿದೆ. ಟೋಕಿಯೊ ಡಾನ್ ಲ್ಯಾಬ್ಸ್‌ನ ನೋವಾ ಈಕ್ವಲೈಸರ್, ಅದೇ ಕಂಪನಿಯ ಕೋಟೆಲ್ನಿಕೋವ್ ಕಂಪ್ರೆಸರ್, ಜೋರಿನ ತುದಿಯನ್ನು ತಡೆಯುವ ಲೌಡ್‌ಮ್ಯಾಕ್ಸ್ ಲಿಮಿಟರ್, ಸ್ವರಗಳ ಹರಹನ್ನು ಪರದೆಯ ಮೇಲೆ ತೋರುವ ವಾಕ್ಸೆಂಗೊ ಸ್ಪ್ಯಾನ್, ಜೋರನ್ನು ಅಳೆಯುವ ಯೂಲೀನ್ ಮೀಟರ್ ಎಲ್ಲವೂ ಕಾಸಿಲ್ಲದೆ ಸಿಗುತ್ತವೆ. ಇವು ಕಳಪೆ ಮಾಲಲ್ಲ. ದುಡ್ಡು ತೆತ್ತು ಕೊಂಡ ಪ್ಲಗಿನ್ ಇವುಗಳಿಗಿಂತ ಹತ್ತು ಪಟ್ಟು ಚೆನ್ನಾಗಿ ಕೇಳಿಸುತ್ತದೆ ಎನ್ನುವುದು ಮಾರುವವರ ಮಾತು.

ಮನೆಯವರ ಪಕ್ಷಕ್ಕೆ ಇನ್ನೊಂದು ಬಲವೂ ಇದೆ. ಮೊದಲೆಲ್ಲ ಸ್ಟುಡಿಯೊಗೆ ಹೋಗುತ್ತಿದ್ದ ಮುಖ್ಯ ಕಾರಣ, ಹಾಡು ಬೇರೆಯವರದಷ್ಟೇ ಜೋರಾಗಿ ಕೇಳಬೇಕು ಎಂಬುದು. ಈಗ ಯೂಟ್ಯೂಬ್, ಸ್ಪಾಟಿಫೈ ಎರಡೂ ಅತಿ ಜೋರಾದ ಹಾಡುಗಳ ಸರಾಸರಿ ಜೋರನ್ನು, ಎಲ್‌ಯುಎಫ್‌ಎಸ್ ಎಂಬ ಅಳತೆಯಲ್ಲಿ, ಸುಮಾರು ಮೈನಸ್ 14ಕ್ಕೆ ಇಳಿಸುತ್ತವೆ. ಮೈನಸ್ 8ಕ್ಕೆ ಏರಿಸಿ ಹಾಕಿದ ಹಾಡನ್ನು ಯೂಟ್ಯೂಬ್ ತಾನೇ 6 ಡೆಸಿಬಲ್ ಇಳಿಸಿ ಕೇಳಿಸುತ್ತದೆ. ಜೋರು ಏರಿಸಲು ಲಿಮಿಟರ್‌ನಲ್ಲಿ ಜಜ್ಜಿದ ಏಟು ಮಾತ್ರ ಜಜ್ಜಿದಂತೆಯೇ ಉಳಿಯುತ್ತದೆ.

ತಮಟೆಗೆ ಇದರಿಂದ ಆಗುವಷ್ಟು ಅನ್ಯಾಯ ಬೇರೆ ವಾದ್ಯಕ್ಕೆ ಆಗದು. ಬೆಂಕಿಗೆ ಹಿಡಿದು ಬಿಗಿ ಮಾಡಿದ ಚರ್ಮದ ಮೇಲೆ ಬೀಳುವ ಏಟಿನ ಚುರುಕು ಕೆಲವೇ ಮಿಲಿಸೆಕೆಂಡುಗಳದು. ಲಿಮಿಟರ್ ಮೊದಲು ಕತ್ತರಿಸುವುದು ಅದನ್ನೇ. ಡ್ಯಾನ್ಸ್ ಹಾಡಿಗೆಂದು ಮಾಡಿದ ಪ್ರೀಸೆಟ್ ಒತ್ತಿದರೆ ತಮಟೆ ರಟ್ಟಿನ ಪೆಟ್ಟಿಗೆಯಂತೆ ಕೇಳುತ್ತದೆ, ಒತ್ತುವವನು ಸ್ಟುಡಿಯೊದವನಾಗಲಿ, ಮನೆಯವನಾಗಲಿ. ಪರಿಷೆಯಲ್ಲಿ ಆ ಏಟನ್ನು ಎದೆಯೊಳಗೆ ಕೇಳಿ ಬೆಳೆದವನು ಒಂದೆರಡು ಡೆಸಿಬಲ್‌ಗೇ ಕೈ ತಡೆಯುವ ಸಾಧ್ಯತೆ ಹೆಚ್ಚು. ಇಲ್ಲಿ ಊರಿನ ಹುಡುಗನ ಕಿವಿಗೇ ನನ್ನ ಮತ.

ಆದರೆ ಆ ಕಿವಿ ಕೂತಿರುವ ಜಾಗ ಎಂಥದ್ದು? 10 ಅಡಿ ಅಗಲದ ಮೋಲ್ಡ್ ಕೋಣೆಯಲ್ಲಿ, ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸ್ವರ ಉಬ್ಬಿ ನಿಲ್ಲುತ್ತದೆ. ಗೋಡೆಗೆ ಒರಗಿದರೆ ಅದು ಗುಮ್ಮೆನ್ನುತ್ತದೆ, ನಡುಮಧ್ಯ ಕೂತರೆ ಬಹುಪಾಲು ಮಾಯ. ಮಧ್ಯದಲ್ಲಿ ಕೂತವನು ಬೇಸ್ ಸಾಲದೆಂದು ಏರಿಸುತ್ತಾನೆ. ಹಾಡು ಕಾರಿನಲ್ಲಿ ಬಾಗಿಲು ನಡುಗಿಸುತ್ತದೆ. ಸ್ಪ್ಯಾನ್‌ನ ಗೆರೆ ಎಚ್ಚರಿಸಬಲ್ಲದು, ಕೋಣೆಯನ್ನು ಸರಿಪಡಿಸಲಾರದು. ಸ್ಟುಡಿಯೊ ಬಿಲ್ಲಿನಲ್ಲಿ ಹದಗೊಳಿಸಿದ ಗೋಡೆಗೆ ಸಲ್ಲುವ ಪಾಲು ನ್ಯಾಯವಾದದ್ದೇ.

ಇನ್ನೊಂದು ಪಾಲು ಬೇರೆಯವರ ಕಿವಿಗೆ. ಮನೆ ರೆಕಾರ್ಡಿಂಗ್ ಎಂದರೆ ಎಲ್ಲರೂ ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಹೆಸರೆತ್ತುತ್ತಾರೆ. ಆಕೆಯ 2019ರ ಆಲ್ಬಂ ಹೆಚ್ಚಾಗಿ ಲಾಸ್ ಏಂಜಲೀಸ್‌ನ ಮನೆಯೊಂದರ ಮಲಗುವ ಕೋಣೆಯಲ್ಲಿ, ಅಣ್ಣ ಫಿನಿಯಸ್ ಕೈಯಲ್ಲಿ ತಯಾರಾದದ್ದು ನಿಜ. ಆದರೆ ಮಿಕ್ಸ್ ಮಾಡಿದವರು ರಾಬ್ ಕಿನೆಲ್ಸ್ಕಿ, ಮಾಸ್ಟರ್ ಮಾಡಿದವರು ಜಾನ್ ಗ್ರೀನ್‌ಹ್ಯಾಮ್. ಒಂದೇ ಹಾಡನ್ನು ನೂರು ಸಲ ಕೇಳಿದವನಿಗೆ ಅದರ ಊನ ಕೇಳಿಸುವುದು ನಿಂತುಹೋಗಿರುತ್ತದೆ.

ಎರಡೂ ಕಡೆಯವರು ಮರೆಯುವ ಸಂಗತಿಗಳೂ ಇವೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಕರೆಂಟಿನ 50 ಹರ್ಟ್ಸ್ ಹಮ್ಮಿಂಗ್ ಮೈಕಿನ ಜೊತೆಗೇ ಬರುತ್ತದೆ. ನೋವಾದಲ್ಲಿ 50, 100, 150ರ ಹತ್ತಿರ ಸಣ್ಣಗೆ ಕತ್ತರಿಸಬಹುದು, ಆದರೆ ಗಂಡಸಿನ ಕಂಠದ ತಳವೂ ಅಲ್ಲೇ ಇದೆ. ಅರ್ಥಿಂಗ್ ಸರಿಮಾಡಿಸಿ ಮತ್ತೆ ಹಾಡಿಸುವುದೇ ಮದ್ದು. ಲಕ್ಷದ ಸ್ಟುಡಿಯೊದಲ್ಲೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಇನ್ನು, ಹಾಡು ಹೆಡ್‌ಫೋನಿನಲ್ಲಿ ವಿಶಾಲವಾಗಿ ಕೇಳಲೆಂದು ಸ್ಟೀರಿಯೊ ಹಿಗ್ಗಿಸುವ ಪುಕ್ಕಟೆ ಪ್ಲಗಿನ್ ಹಾಕುವವರಿದ್ದಾರೆ. ಈ ಸೀಮೆಯ ಹಾಡು ಮೊಳಗುವುದು ಜಾತ್ರೆಯ ಮೈಕ್‌ಸೆಟ್ಟಿನ ಹಾರ್ನ್‌ನಲ್ಲಿ. ಅಲ್ಲಿ ಎಡಬಲ ಒಂದಾಗುತ್ತವೆ. ಅತಿಯಾಗಿ ಹಿಗ್ಗಿಸಿದ ಸ್ವರಗಳು ಒಂದನ್ನೊಂದು ಹೊಡೆದುಹಾಕಿ, ತಾಳ ಮುಂದೆ ನಿಂತು ದನಿ ಹಿಂದೆ ಸರಿಯಬಹುದು. ಮಾಸ್ಟರ್ ಮುಗಿಸುವ ಮುಂಚೆ ಮಾನೊ ಬಟನ್ ಒತ್ತಿ ಕೇಳಲು ದುಡ್ಡೇನೂ ಬೇಡ.

ಹಬ್ಬಕ್ಕೆ, ಯೂಟ್ಯೂಬಿಗೆ, ಬಂಧುಬಳಗಕ್ಕೆ ಹಂಚುವ ಹಾಡಾದರೆ ಮನೆಯ ಮಾಸ್ಟರಿಂಗ್ ಸಾಕು. ಪ್ಲಗಿನ್‌ಗೆ ಎತ್ತಿಟ್ಟ ಹಣವಿದ್ದರೆ ಒಳ್ಳೆಯ ಹೆಡ್‌ಫೋನಿಗೆ ಹಾಕುವುದು ಲೇಸು. ಎಂಬತ್ತು ದಾಟಿದ ಹಾಡುಗಾರ್ತಿಯ ರಾಗಿ ಬೀಸುವ ಪದ, ತಂಬೂರಿಯವರು ರಾತ್ರಿಯಿಡೀ ಹಾಡಿದ ಕಥನ ಬೇರೆ ಲೆಕ್ಕ. ಎಚ್.ಎಲ್. ನಾಗೇಗೌಡರು ಇದೇ ರಾಮನಗರದ ಹೆದ್ದಾರಿ ಪಕ್ಕ ಜಾನಪದ ಲೋಕ ಕಟ್ಟಿದ್ದು ಇಂಥವು ಅಳಿಯಬಾರದೆಂದು. ಅಂಥ ರೆಕಾರ್ಡಿಂಗ್‌ಗಾದರೆ ನುರಿತವರಿಗೆ ದುಡ್ಡು ಕೊಡುವುದು ದಂಡವಲ್ಲ. ಕೊಡುವ ಮುಂಚೆ ಲಿಮಿಟರ್ ತೆಗೆದು, ಮೇಲೆ 6 ಡೆಸಿಬಲ್ ಜಾಗ ಬಿಟ್ಟ 24 ಬಿಟ್ ವೇವ್ ಫೈಲನ್ನು ಎರಡು ಕಡೆ ತೆಗೆದಿಡಬೇಕು. ಎಂಪಿ3 ಒಂದೇ ಉಳಿದರೆ ಮುಂದೆ ಯಾವ ಎಂಜಿನಿಯರ್ ಬಂದರೂ ಅದರಿಂದ ಹೊರಡಿಸಬಹುದಾದದ್ದು ಕಡಿಮೆ.