ಜ್ವರದ ದಿನದ ಕೂಲಿ



2021ರ ಜನವರಿ 16ರಂದು ದೇಶದಲ್ಲಿ ಕೊರೋನಾ ಲಸಿಕೆ ಆರಂಭವಾಯಿತು. ಚುಚ್ಚಿಸಿಕೊಂಡ ನಮ್ಮಲ್ಲಿ ಹಲವರು ಮರುದಿನ ಜ್ವರ, ಮೈಕೈನೋವಿನಿಂದ ಮಲಗಿದರು. ಅದು ಒಂದೆರಡು ದಿನದಲ್ಲಿ ಬಿಟ್ಟುಹೋಗುವಂಥದು. ಕೋವಿಶೀಲ್ಡಿನಿಂದ ರಕ್ತ ಹೆಪ್ಪುಗಟ್ಟುವುದು ತೀರ ಅಪರೂಪ. ಲಸಿಕೆ ಬೇಕಾದದ್ದೇ. ಆದರೆ ದಿನಗೂಲಿಯವರಿಗೆ ಎರಡು ದಿನದ ಜ್ವರವೆಂದರೆ ಎರಡು ದಿನದ ಗಂಜಿ.

ಅಂಜಿದವರನ್ನು ಕಂಡು ನಗುವುದು ಬೇಡ. ಈ ಜಿಲ್ಲೆಯ ಗೇರುತೋಟಗಳ ಮೇಲೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನನ್ನೂ ನಾವು 'ಮದ್ದು' ಎಂದೇ ಕರೆದಿದ್ದೆವಲ್ಲ! ಆ ವಿಷವೂ ಈ ಲಸಿಕೆಯೂ ಒಂದಲ್ಲ, ನಿಜ. ಆದರೂ ಕೇಳಿದವರಿಗೆ ಉತ್ತರ ಸಿಗಬೇಕು.

ಲಸಿಕೆಗೆ ಯಾರನ್ನೂ ಬಲವಂತಪಡಿಸಬಾರದು, ಅಡ್ಡ ಪರಿಣಾಮಗಳನ್ನು ಜನರೇ ತಿಳಿಸುವ ಏರ್ಪಾಡು ಬೇಕು ಎಂದು 2022ರ ಮೇ 2ರಂದು ಸುಪ್ರೀಂ ಕೋರ್ಟು ಹೇಳಿತು. ಆ ಏರ್ಪಾಡು ನಮ್ಮ ಲೈನುಮನೆಗಳ ತನಕ, ಕನ್ನಡದಲ್ಲಿ ಬರಬೇಕು. ಜ್ವರದ ದಿನಕ್ಕೆ ಸಂಬಳದ ರಜೆಯೂ ಸಿಗಬೇಕು.