ತಾಯಿ ಕಾರ್ಡ್ ಕೈಗೆ ಬರುವಷ್ಟರಲ್ಲಿ

ಸಂಪಾದಕರಿಗೆ,

ನ್ಯಾಯಬೆಲೆ ಅಂಗಡಿಯ ಅಕ್ಕಿ ಮನೆಗೆ ಬಂದ ದಿನ ನನ್ನ ಅಕ್ಕ ಮೊರ ಹಿಡಿದು ಕಟ್ಟೆಯ ಮೇಲೆ ಕೂರುತ್ತಾಳೆ. ಕಲ್ಲು, ನೆಲ್ಲು ಆರಿಸಿದ ಮೇಲೆ ಬಣ್ಣದಲ್ಲಿ ಸ್ವಲ್ಪ ಬೇರೆ ಕಾಣುವ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಬೀದಿಗೆ ಎಸೆಯುತ್ತಾಳೆ. ಅದು ಪ್ಲಾಸ್ಟಿಕ್ ಅಕ್ಕಿ ಎಂಬುದು ಅವಳ ತೀರ್ಮಾನ, ಓಣಿಯ ತೀರ್ಮಾನವೂ ಅದೇ. ಅವು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಮತ್ತೆ ಕಾಳಿನ ಆಕಾರಕ್ಕೆ ತಂದು, ನೂರು ಕೆ.ಜಿ. ಅಕ್ಕಿಗೆ ಒಂದು ಕೆ.ಜಿ.ಯಂತೆ ಬೆರೆಸಿದ ಸಾರವರ್ಧಿತ ಕಾಳುಗಳು. ಇದನ್ನು ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಮಾತು: ‘ಹಂಗಾದ್ರೆ ಇಷ್ಟು ದಿನ ಯಾರೂ ಯಾಕ ಹೇಳಿಲ್ಲ?’

ನನ್ನ ತಕರಾರು ಅಕ್ಕನ ಮೇಲಲ್ಲ, ಆ ಅಕ್ಕಿಯ ಮೇಲೂ ಅಲ್ಲ. ಅಕ್ಕಿ ಕೊಟ್ಟೆವು, ಇನ್ನು ನಮ್ಮ ಕೆಲಸ ಮುಗಿಯಿತು ಎನ್ನುವ ನೆಮ್ಮದಿಯ ಮೇಲೆ. ಮಕ್ಕಳ ಹುಟ್ಟು ನ್ಯೂನತೆಯ ಮಾತೆತ್ತಿದರೆ ಸಿಗುವ ಉತ್ತರ ಎರಡು: ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಇದೆ, ಬಸುರಿಯರಿಗೆ ಗುಳಿಗೆ ಇದೆ. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಟ್ಟಿಗೆ ಈ ಎರಡೂ ಉತ್ತರ ನಿಲ್ಲುವುದಿಲ್ಲ.

ಮೊದಲು ಗುಳಿಗೆಯ ಮಾತು. ಮಗುವಿನ ಮಿದುಳು ಮತ್ತು ಬೆನ್ನುಹುರಿ ಆಗಬೇಕಾದ ನರನಾಳ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಅಂದರೆ ಮುಟ್ಟು ನಿಂತು ಸುಮಾರು ಎರಡು ವಾರ ಕಳೆಯುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಕೆಳಗೆ ಮುಚ್ಚದಿದ್ದರೆ ಬೆನ್ನ ಮೇಲೆ ಗಂಟು, ಕಾಲಿಗೆ ಬಲವಿಲ್ಲ, ಮೂತ್ರದ ಮೇಲೆ ಹಿಡಿತವಿಲ್ಲ. ಮೇಲೆ ಮುಚ್ಚದಿದ್ದರೆ ತಲೆಬುರುಡೆಯೇ ಬೆಳೆಯದ ಮಗು, ಅದು ಬದುಕುವುದಿಲ್ಲ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ಕಟ್ಟುವುದಕ್ಕೆ ಕನಿಷ್ಠ ಒಂದು ತಿಂಗಳು ಮುಂಚಿನಿಂದ ತೆಗೆದುಕೊಂಡರೆ ಇವುಗಳಲ್ಲಿ ಬಹುಪಾಲನ್ನು ತಡೆಯಬಹುದು. ನಮ್ಮ ಹಳ್ಳಿಗಳಲ್ಲಿ ನಡೆಯುವುದೇನು? ಹೊಸ ಸೊಸೆ ಮುಟ್ಟು ತಪ್ಪಿದ್ದನ್ನು ಅತ್ತೆಗೆ ಹೇಳಲು ನಾಚಿಕೊಂಡು ತಿಂಗಳು ತಳ್ಳುತ್ತಾಳೆ. ದೃಷ್ಟಿ ಆದೀತೆಂದು ಮನೆಯವರು ಇನ್ನೊಂದು ತಿಂಗಳು ಬಾಯಿ ಬಿಡುವುದಿಲ್ಲ. ಮೂರನೇ ತಿಂಗಳು ಆಶಾ ಕಾರ್ಯಕರ್ತೆ ಕರೆದುಕೊಂಡು ಹೋಗಿ ತಾಯಿ ಕಾರ್ಡ್ ಮಾಡಿಸುತ್ತಾಳೆ. ಆಮೇಲೆ ಮಾತೃಪೂರ್ಣ ಯೋಜನೆಯ ಊಟ, ಮೊಟ್ಟೆ, ಗುಳಿಗೆ ಎಲ್ಲವೂ ಇವೆ. ರಕ್ತಹೀನತೆಗೆ ಅವು ಬೇಕೇ ಬೇಕು. ನರನಾಳದ ಪಾಲಿಗೆ ಮಾತ್ರ ಬಸ್ಸು ಹೋಗಿ ಎರಡು ತಿಂಗಳಾಗಿರುತ್ತದೆ.

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಯ ತಾಂಡಾಗಳಲ್ಲಿ ಇನ್ನೂ ಕಷ್ಟ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರಲ್ಲಿ ಮದುವೆಯಾಗಿ ವರ್ಷ ತುಂಬದ ಜೋಡಿಗಳೂ ಇರುತ್ತವೆ. ಅಲ್ಲೇ ಬಸುರಾಗಿ ಊರಿಗೆ ಬರುವಾಗ ಐದು ತಿಂಗಳು.

ನನ್ನ ತಂಗಿಯ ಮಗಳ ಚೊಚ್ಚಲ ಕೂಸು ಹುಟ್ಟಿದ್ದು ಬೆನ್ನ ಮೇಲೆ ನೀರು ತುಂಬಿದ ಗಂಟಿನೊಂದಿಗೆ. ದೂರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಮಗು ಉಳಿಯಿತು. ಈಗಲೂ ಅದನ್ನು ಎತ್ತಿಕೊಂಡೇ ಶಾಲೆಗೆ ಬಿಡಬೇಕು. ಹಿರಿಯರು ಬಸುರಿನಲ್ಲಿ ಗ್ರಹಣದ ದಿನ ತಾಯಿ ಕುಡಗೋಲು ಮುಟ್ಟಿದ್ದಳೆಂದು ಲೆಕ್ಕ ಹಾಕಿದರು. ಅದಾದರೂ ಅಜ್ಞಾನ. ಆದರೆ ಆಸ್ಪತ್ರೆಯಿಂದ ಕಳುಹಿಸುವಾಗ ಕೊಟ್ಟ ಚೀಟಿಯಲ್ಲಿ ಮುಂದಿನ ಬಸುರಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಇಂಥ ಮಗುವನ್ನು ಹೆತ್ತ ತಾಯಿಗೆ ಮುಂದಿನ ಸಲ ಬೇಕಾಗುವುದು 400 ಮೈಕ್ರೋಗ್ರಾಂ ಅಲ್ಲ, ಅದರ ಹತ್ತು ಪಟ್ಟು, 4 ಮಿಲಿಗ್ರಾಂ, ಅದೂ ವೈದ್ಯರ ಸಲಹೆಯಂತೆ, ಬಸುರಾಗುವುದಕ್ಕೆ ಮೊದಲೇ. ಏಳು ದೇಶಗಳಲ್ಲಿ ನಡೆದ ಪರೀಕ್ಷೆ ಇದನ್ನು 1991ರಲ್ಲೇ ಸಾಬೀತು ಮಾಡಿದೆ. ಇಂಥ ತಾಯಂದಿರಲ್ಲಿ ತೊಂದರೆ ಮರುಕಳಿಸುವುದು ಶೇ 72ರಷ್ಟು ಕಡಿಮೆಯಾಗಿತ್ತು. ಮೂವತ್ತು ವರ್ಷಕ್ಕೂ ಹಳೆಯ ಈ ಮಾತು ನಮ್ಮ ಹುಡುಗಿಯ ಚೀಟಿಗೆ ಬರಲಿಲ್ಲ.

ಇನ್ನು ಅಕ್ಕಿಯ ಲೆಕ್ಕ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ ಸಾರವರ್ಧಿತ ಅಕ್ಕಿಯಲ್ಲಿ ಇರಬೇಕಾದ ಫೋಲಿಕ್ ಆಮ್ಲ ಕೆ.ಜಿ.ಗೆ 75ರಿಂದ 125 ಮೈಕ್ರೋಗ್ರಾಂ. ತಿಂಗಳಿಗೆ ಒಬ್ಬರಿಗೆ ಹತ್ತು ಕೆ.ಜಿ. ಅಕ್ಕಿ ಎಂದೇ ಇಟ್ಟುಕೊಳ್ಳೋಣ. ಒಂದು ಕಾಳೂ ಚೆಲ್ಲದೆ, ಒಂದು ಕಾಳೂ ಮಾರದೆ ತಿಂದರೂ ದಿನಕ್ಕೆ ದಕ್ಕುವುದು 25ರಿಂದ 42 ಮೈಕ್ರೋಗ್ರಾಂ. ಬೇಕಾದುದು 400. ಗಂಜಿ ಬಸಿದರೆ ಹೋಗುವುದು, ಮೊರದಿಂದ ಬೀದಿಗೆ ಬಿದ್ದದ್ದು ಬೇರೆ. 1998ರಿಂದ ಹಿಟ್ಟಿಗೆ ಕಡ್ಡಾಯವಾಗಿ ಫೋಲಿಕ್ ಆಮ್ಲ ಸೇರಿಸುತ್ತಿರುವ ಅಮೆರಿಕದಲ್ಲಿ ಪ್ರಮಾಣ 100 ಗ್ರಾಂಗೆ 140 ಮೈಕ್ರೋಗ್ರಾಂ, ಅಂದರೆ ಕೆ.ಜಿ.ಗೆ 1,400. ಅಲ್ಲಿ ವರ್ಷಕ್ಕೆ ಸುಮಾರು 1,300 ಮಕ್ಕಳು ಈ ತೊಂದರೆಯಿಂದ ಪಾರಾಗುತ್ತಿದ್ದಾರೆಂಬುದು ಆ ದೇಶದ ರೋಗ ನಿಯಂತ್ರಣ ಕೇಂದ್ರದ ಅಂದಾಜು. ನಮ್ಮ ಅಕ್ಕಿ ಕಬ್ಬಿಣಕ್ಕಾಗಿ ಮಾಡಿದ್ದು, ಅದರ ವಾದವಿವಾದಗಳೂ ಕಬ್ಬಿಣದ ಸುತ್ತಲೇ. ಫೋಲಿಕ್ ಆಮ್ಲ ಅದರಲ್ಲಿ ಒಗ್ಗರಣೆಯ ಕರಿಬೇವಿನಂತೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಈ ಯೋಜನೆಯನ್ನು 2028ರ ಡಿಸೆಂಬರ್‌ವರೆಗೆ ಮುಂದುವರಿಸಲು ಒಪ್ಪಿತು, ಒಳ್ಳೆಯದೇ. ಆದರೆ ಅದರ ಹೆಸರು ಹೇಳಿ ಬೆನ್ನುಹುರಿಯ ಪ್ರಶ್ನೆಯನ್ನು ಮುಚ್ಚಬಾರದು.

ಹಾಗಾದರೆ ನಾವೂ ಹಿಟ್ಟಿಗೆ ಹೆಚ್ಚು ಬೆರೆಸೋಣವೇ? ಗೋಧಿ ತಿನ್ನುವ ರಾಜ್ಯಗಳಿಗೆ ಅದು ಸರಿಯಾದ ದಾರಿ. 1991ರ ಆ ಸಂಶೋಧನೆಯ ಮುಂದಾಳು ಬ್ರಿಟನ್ ತನ್ನ ಹಿಟ್ಟಿಗೆ ಕಾನೂನು ಮಾಡಿದ್ದು 2024ರ ನವೆಂಬರ್‌ನಲ್ಲಿ, ಅಂದಮೇಲೆ ನಮ್ಮನ್ನೇ ಬೈದು ಪ್ರಯೋಜನವಿಲ್ಲ. ಆದರೆ ಕೊಟ್ಟೂರಿನ ಹೆಣ್ಣುಮಗಳು ಪ್ಯಾಕೆಟ್ ಹಿಟ್ಟು ತಿನ್ನುವುದು ಯಾವಾಗ? ನಮ್ಮದು ಜೋಳದ ರೊಟ್ಟಿ, ಕೂಡ್ಲಿಗಿ ಕಡೆ ರಾಗಿ ಮುದ್ದೆ, ಜೊತೆಗೆ ಅನ್ನ. ಹೊಲದ ಜೋಳ ಪುಟ್ಟಿಯಲ್ಲಿ ತುಂಬಿ ಓಣಿಯ ಗಿರಣಿಗೆ ಹೋಗುತ್ತದೆ, ಬೆಚ್ಚಗಿನ ಹಿಟ್ಟಾಗಿ ಮನೆಗೆ ಬರುತ್ತದೆ. ದೊಡ್ಡ ಮಿಲ್ಲಿನಲ್ಲಿ ಟನ್ನುಗಟ್ಟಲೆ ಹಿಟ್ಟಿಗೆ ಅಳೆದು ಬೆರೆಸುವ ಯಂತ್ರ ಈ ಗಿರಣಿಗೆ ಬರುವುದಿಲ್ಲ. ಪುಂಡಿಪಲ್ಲೆ, ಮೆಂತ್ಯೆ, ಕಡಲೆ, ಹೆಸರು ಕಾಳಿನಲ್ಲಿ ಫೋಲಿಕ್ ಆಮ್ಲದ ಸಹಜ ರೂಪವಾದ ಫೋಲೇಟ್ ಇದೆ ಎನ್ನುವುದು ನಿಜ, ಮಳೆಗಾಲದಲ್ಲಿ ಸೊಪ್ಪು ತಿನ್ನುತ್ತೇವೆ ಕೂಡ. ಆದರೆ ಬೇಯಿಸಿದಾಗ ಬಹಳಷ್ಟು ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಸೊಪ್ಪಿರಲಿ, ಬೋರ್‌ವೆಲ್‌ನಲ್ಲಿ ನೀರೇ ಇರುವುದಿಲ್ಲ.

ಶಾಲೆ, ಅಂಗನವಾಡಿಗಳಲ್ಲಿ ಹದಿಹರೆಯದ ಹುಡುಗಿಯರಿಗೆ ವಾರಕ್ಕೊಂದು ನೀಲಿ ಗುಳಿಗೆ ಕೊಡುತ್ತಾರಲ್ಲ ಎನ್ನುವವರಿದ್ದಾರೆ. ಅದರಲ್ಲಿರುವ ಫೋಲಿಕ್ ಆಮ್ಲ 500 ಮೈಕ್ರೋಗ್ರಾಂ. ದಿನಕ್ಕೆ 400ರಂತೆ ವಾರಕ್ಕೆ 2,800 ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರದ ಗುಳಿಗೆಗೆ 2011ರಲ್ಲಿ ಹೇಳಿದ ಪ್ರಮಾಣವೂ ಅಷ್ಟೇ. ನಮ್ಮ ಗುಳಿಗೆ ಅದರ ಐದನೇ ಒಂದು ಭಾಗಕ್ಕಿಂತ ಕಡಿಮೆ.

ಇಲ್ಲಿ ಒಂದು ಮಾತು ಹೇಳದಿರಲಾರೆ. ಬಸುರಿಯರ ರಕ್ತಹೀನತೆಗೆ ಈ ಸತ್ವದಿಂದ ಗುಣವಿದೆ ಎಂದು ಲೂಸಿ ವಿಲ್ಸ್ ಎಂಬ ವೈದ್ಯೆ ಮೊದಲು ಕಂಡದ್ದು ಮುಂಬೈನ ಗಿರಣಿ ಕಾರ್ಮಿಕ ಹೆಂಗಸರಲ್ಲಿ, 1930ರ ಆಸುಪಾಸಿನಲ್ಲಿ. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ಮುಂದಾಳು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1953ರವರೆಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಯಾವ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವೋ, ಆತನ ಊರೂ ಅದಕ್ಕೇ ಸೇರಿತ್ತು. ನಮ್ಮ ನೆಲದ ನಂಟಿರುವ ಔಷಧ ನಮ್ಮ ಸೊಸೆಯಂದಿರಿಗೇ ತಡವಾಗಿ ಸಿಗುತ್ತಿದೆ.

ಭಾರತದಲ್ಲಿ ಸಾವಿರ ಹೆರಿಗೆಗೆ ಸುಮಾರು ನಾಲ್ಕರಂತೆ ನರನಾಳ ದೋಷ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿದವರು ಹೇಳುತ್ತಾರೆ. ಇದಕ್ಕೆ ಹೊಸ ಯೋಜನೆ, ಹೊಸ ಹೆಸರು, ಹೊಸ ಉದ್ಘಾಟನೆ ಬೇಡ. ಗರ್ಭಕ್ಕೆ ಮೊದಲಿಂದ ಮೂರನೇ ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಎಂದು ರಕ್ತಹೀನತೆ ಮುಕ್ತ ಭಾರತದ ಮಾರ್ಗಸೂಚಿಯಲ್ಲೇ ಬರೆದಿದೆ. ಆಶಾ ಕಾರ್ಯಕರ್ತೆಯ ಬಳಿ ಅರ್ಹ ದಂಪತಿಗಳ ರಿಜಿಸ್ಟರ್ ಇದೆ. ಸಂತಾನ ತಡೆಯಲು ಆ ಪಟ್ಟಿ ಬಳಸುತ್ತೇವೆ, ಮಗು ಚೆನ್ನಾಗಿ ಹುಟ್ಟಲು ಯಾಕೆ ಬಳಸಬಾರದು? ನಮ್ಮ ಮಠಗಳಲ್ಲಿ, ಜಾತ್ರೆಗಳಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತವೆ. ವೇದಿಕೆಯಲ್ಲಿ ತಾಳಿ, ಸೀರೆ, ಪಂಚೆಯ ಜೊತೆ ಆರು ತಿಂಗಳ ಗುಳಿಗೆಯನ್ನೂ ಕೊಟ್ಟು ಸ್ವಾಮಿಗಳೇ ಎರಡು ಮಾತು ಹೇಳಲಿ. ಆಶಾ ಹತ್ತು ಸಲ ಹೇಳಿದರೆ ಕೇಳದ ಅತ್ತೆ ಅವರು ಒಮ್ಮೆ ಹೇಳಿದರೆ ಕೇಳುತ್ತಾಳೆ, ಇದು ನಮ್ಮ ಸೀಮೆಯ ಸ್ವಭಾವ. ಗುಳೆ ಹೊರಡುವವರಿಗೆ ದೀಪಾವಳಿಗೆ ಮೊದಲೇ ಕೊಡಬೇಕು. ಔಷಧಗಳಲ್ಲೇ ಅಗ್ಗದ ಸಾಲಿಗೆ ಸೇರಿದ ಗುಳಿಗೆ ಇದು. ಹಣವಿಲ್ಲವೆಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆಯಲ್ಲ.

ದೀರ್ಘಕಾಲಕ್ಕೆ ಹಿಟ್ಟಿಗಿಂತ ಉಪ್ಪು ನಮಗೆ ಹೊಂದುತ್ತದೆ ಎಂಬುದು ನನ್ನ ಅನಿಸಿಕೆ. ರೊಟ್ಟಿಯವರೂ ಮುದ್ದೆಯವರೂ ಅನ್ನದವರೂ ಕೊಂಡೇ ತಿನ್ನುವುದು ಅದೊಂದನ್ನೇ, ಅಯೋಡಿನ್ ಮನೆ ಮನೆಗೆ ಮುಟ್ಟಿದ್ದೂ ಅದರಿಂದಲೇ. ಫೋಲಿಕ್ ಆಮ್ಲ ಬೆರೆಸಿದ ಅಯೋಡಿನ್ ಉಪ್ಪನ್ನು ದಕ್ಷಿಣ ಭಾರತದ ಹಳ್ಳಿ ಹೆಂಗಸರಿಗೆ ಕೊಟ್ಟು ನೋಡಿದ ಸಣ್ಣ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಗಿದೆ. ಅವರ ರಕ್ತದಲ್ಲಿ ಫೋಲೇಟ್ ಚೆನ್ನಾಗಿ ಏರಿತ್ತು. ಬಿ12 ಕೊರತೆಯನ್ನು ಫೋಲಿಕ್ ಆಮ್ಲ ಮರೆಮಾಚೀತು ಎಂಬ ಆಕ್ಷೇಪವನ್ನು ಬಲ್ಲೆ. ಅದು ದೊಡ್ಡ ಪ್ರಮಾಣದ ಮಾತು, ಬೇಕಿದ್ದರೆ ಬಿ12 ಕೂಡ ಸೇರಿಸಲಿ. ಉಪ್ಪಿಗೆ ವರ್ಷಗಳು ಹಿಡಿಯುತ್ತವೆ.

ಗುಳಿಗೆಗೆ ವರ್ಷಗಳು ಬೇಡ. ಐದೂ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳು ಈ ಲಗ್ನದ ಕಾಲದಿಂದಲೇ ಶುರು ಮಾಡಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ನಮ್ಮ ಓಣಿಯೊಂದರಲ್ಲೇ ವೈಶಾಖದಲ್ಲಿ ನಾಲ್ಕು ಮದುವೆಗಳಿವೆ.

– ನಿವೃತ್ತ ಶಿಕ್ಷಕ, ಕೊಟ್ಟೂರು