ಎದುರಿಗೆ ಬರುವವನ ಕಣ್ಣು ಯಾರ ಲೆಕ್ಕಕ್ಕೆ?

ನಮ್ಮ ಬಳಗದಲ್ಲಿ ಈಗ ಹೊಸ ಬೈಕು ಕೊಂಡವರು ಪೂಜೆ ಮುಗಿಸಿ ಮೊದಲು ಮಾಡುವ ಕೆಲಸ ಹೆಡ್‌ಲೈಟ್ ಬದಲಿಸುವುದು. ಪುಣೆಯವರಿಗೆ ನಾನಾ ಪೇಟೆ, ದಿಲ್ಲಿಯವರಿಗೆ ಕರೋಲ್ ಬಾಗ್, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ. ಒಳಗೊಂದು ಎಲ್‌ಇಡಿ ಬಲ್ಬು, ಹೊರಗೆ ಕ್ರ್ಯಾಶ್ ಗಾರ್ಡಿಗೆ ಎರಡು ಹೆಚ್ಚುವರಿ ಲೈಟು. ಅರ್ಧ ಗಂಟೆಯ ಕೆಲಸ. ಆ ರಾತ್ರಿಯೇ ವಾಟ್ಸಾಪ್ ಗುಂಪಿಗೆ ಫೋಟೊ ಬರುತ್ತದೆ: "ನೋಡ್ರಪ್ಪಾ, ರಾತ್ರಿ ಹಗಲಾತು!" ಈ ಫೋಟೊಗಳನ್ನೆಲ್ಲ ಬೈಕಿನ ಹಿಂದೆ ನಿಂತು ತೆಗೆದಿರುತ್ತಾರೆ. ಬೈಕಿನ ಮುಂದೆ ನಿಂತು ತೆಗೆದ ಒಂದೇ ಒಂದು ಫೋಟೊವನ್ನೂ ನಾನು ಈವರೆಗೆ ನೋಡಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ಮೊದಲೇ ಹೇಳಿಬಿಡುತ್ತೇನೆ, ಹೆಡ್‌ಲೈಟ್ ಸುಧಾರಿಸುವುದಕ್ಕೆ ನನ್ನ ವಿರೋಧವಿಲ್ಲ. ನನ್ನ ಬೈಕಿನದನ್ನೂ ಸುಧಾರಿಸಿಕೊಂಡಿದ್ದೇನೆ. ಹತ್ತು ವರ್ಷದಿಂದ ಪುಣೆಯಲ್ಲಿದ್ದೇನೆ, ಊರು ನಿಪ್ಪಾಣಿಯ ಕಡೆ. ಶುಕ್ರವಾರ ಆಫೀಸು ಮುಗಿಸಿ, ಕಾತ್ರಜ್ ದಾಟಿ, ಖಂಬಾಟಕಿ ಘಾಟು ಹತ್ತಿಳಿದು, ಸಾತಾರಾ, ಕರಾಡ, ಕೊಲ್ಹಾಪುರ, ಕಾಗಲ್ ಎನ್ನುತ್ತ ಮನೆ ಸೇರುವವರಲ್ಲಿ ನಾನೂ ಒಬ್ಬ. ಬಸ್ಸಿನ ಟಿಕೆಟ್ಟು ಹಬ್ಬದ ಹೊತ್ತಿಗೆ ಎಷ್ಟಾಗುತ್ತದೆ ಎಂಬುದು ನಿಮಗೆ ಗೊತ್ತು. ರಾತ್ರಿ ಬೈಕು ಓಡಿಸುವುದು ನಮ್ಮಲ್ಲಿ ಅನೇಕರಿಗೆ ಶೋಕಿಯಲ್ಲ.

ಕಂಪನಿಯವರು ಕೊಡುವ ಲೈಟು ಸಾಲದು ಎಂಬುದನ್ನೂ ಒಪ್ಪುತ್ತೇನೆ. ವರ್ಷಾನುಗಟ್ಟಲೆ ನಮ್ಮ ಬೈಕುಗಳಿಗೆ ಬಂದದ್ದು 35 ವ್ಯಾಟಿನ ಎಚ್‌ಎಸ್1 ಹ್ಯಾಲೊಜನ್ ಬಲ್ಬು. ಅಪ್ಪರಿನಲ್ಲಿ ಸುಮಾರು 825 ಲುಮೆನ್, ಡಿಪ್ಪರಿನಲ್ಲಿ 525. ಕಾರಿನ ಎಚ್4 ಬಲ್ಬಿನ ಲೆಕ್ಕದಲ್ಲಿ ಇದು ಅರ್ಧ. ಹಳೆಯ ಬೈಕುಗಳ ಕಥೆ ಇನ್ನೂ ಕೆಟ್ಟದ್ದು. ಅವುಗಳಲ್ಲಿ ಅನೇಕವಕ್ಕೆ ಹೆಡ್‌ಲೈಟಿನ ಕರೆಂಟು ಬ್ಯಾಟರಿಯಿಂದ ಬರದೆ ನೇರವಾಗಿ ಇಂಜಿನ್ನಿನ ಕಾಯಿಲಿನಿಂದ ಬರುತ್ತಿತ್ತು. ಗುಂಡಿ ಕಂಡು ವೇಗ ತಗ್ಗಿಸಿದಿರೋ, ಗುಂಡಿ ನೋಡಬೇಕಾದ ಹೊತ್ತಿಗೇ ಲೈಟು ಮಂಕಾಗುತ್ತಿತ್ತು. ಲಕ್ಷ ರೂಪಾಯಿ ದಾಟಿದ ಬೈಕಿಗೆ ಟ್ಯಾಂಕಿನ ಮೇಲೆ ಸ್ಟಿಕ್ಕರು, ಮೀಟರಿನಲ್ಲಿ ಬ್ಲೂಟೂತು ಕೊಡುವವರಿಗೆ ಒಂದು ಒಳ್ಳೆಯ ದೀಪ ಕೊಡಲು ಕೈ ಬರುವುದಿಲ್ಲ. ಶೋರೂಮಿನಲ್ಲಿ ಬೈಕು ನೋಡುವುದು ಹಗಲು ಹೊತ್ತಿನಲ್ಲಿ, ಅದಕ್ಕೇ ಇರಬೇಕು.

ರಸ್ತೆಯೂ ಹಾಗೆಯೇ. ಸಾತಾರಾ–ಕಾಗಲ್ ನಡುವೆ ಆರು ಪಥದ ಕಾಮಗಾರಿ ಹಿಡಿದ ಮೇಲೆ ಎಲ್ಲಿ ರಸ್ತೆ ತಿರುಗುತ್ತದೆ, ಎಲ್ಲಿ ಸರ್ವಿಸ್ ರೋಡಿಗೆ ಇಳಿಸುತ್ತಾರೆ ಎಂದು ತಿಳಿಯದ ಸ್ಥಿತಿ. ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಕಬ್ಬಿನ ಹಿಂದೆ ಮುಚ್ಚಿಹೋಗಿರುತ್ತದೆ. ಹಾಡು ಮಾತ್ರ ಅರ್ಧ ಮೈಲಿಗೆ ಕೇಳುತ್ತದೆ. ಹೆಲ್ಮೆಟ್ಟಿನೊಳಗೆ ಅದೂ ಕೇಳುವುದಿಲ್ಲ.

ಹಾಗಾಗಿ ಹೆಚ್ಚು ಬೆಳಕು ಬೇಕೆನ್ನುವವನ ಭಯ ಸುಳ್ಳಲ್ಲ. ಆ ಭಯಕ್ಕೆ ಮಾರುಕಟ್ಟೆ ಕೊಡುತ್ತಿರುವ ಔಷಧ ಸುಳ್ಳು.

ಹ್ಯಾಲೊಜನ್ ಬಲ್ಬನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ (ಗಾಜು ಮುಟ್ಟಬೇಡಿ). ಒಳಗೆ ಎರಡು ತಂತಿಯ ಸುರುಳಿಗಳಿವೆ. ಡಿಪ್ಪರಿನ ಸುರುಳಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇದೆ. ಸುರುಳಿಯಿಂದ ಕೆಳಮುಖವಾಗಿ ಹೊರಟ ಬೆಳಕು ರಿಫ್ಲೆಕ್ಟರಿಗೆ ತಾಗಿ ಮೇಲಕ್ಕೆ ಚಿಮ್ಮಿ ಎದುರಿನವನ ಕಣ್ಣಿಗೆ ಹೋಗದಂತೆ ತಡೆಯುವುದೇ ಆ ಬಟ್ಟಲಿನ ಕೆಲಸ. ಹಿಂದಿನ ರಿಫ್ಲೆಕ್ಟರಿನ ಒಂದೊಂದು ಬಾಗೂ ಆ ಸುರುಳಿ ಎಲ್ಲಿದೆ ಎಂಬುದರ ಮೇಲೆ ಲೆಕ್ಕ ಹಾಕಿದ್ದು. ಸುರುಳಿ ಒಂದೆರಡು ಮಿಲಿಮೀಟರ್ ಅತ್ತಿತ್ತ ಆದರೂ ಬೆಳಕಿನ ಆಕಾರ ಕೆಡುತ್ತದೆ. ಈಗ ಆ ಜಾಗದಲ್ಲಿ ಎರಡು ಮೂರು ಪಕ್ಕಗಳಲ್ಲಿ ಚಪ್ಪಟೆ ಚಿಪ್ಪು ಅಂಟಿಸಿದ ಎಲ್‌ಇಡಿ ಕೂರಿಸುತ್ತೀರಿ. ಬೆಳಕು ಹುಟ್ಟುವ ಜಾಗ ಬೇರೆ, ಅದು ಹರಡುವ ದಿಕ್ಕು ಬೇರೆ. ಫಲವಾಗಿ ಅರ್ಧ ಬೆಳಕು ಮುಂದಿನ ಚಕ್ರದ ಹತ್ತಿರವೇ ಸುರಿಯುತ್ತದೆ, ಇನ್ನರ್ಧ ಮರದ ಕೊಂಬೆಗೂ ಎದುರಿನವನ ಮುಖಕ್ಕೂ ಹಂಚಿಹೋಗುತ್ತದೆ. ಸವಾರನಿಗೆ ಮಾತ್ರ ಎಲ್ಲ ಬೆಳ್ಳಗೆ ಕಾಣುತ್ತದೆ. ಹತ್ತಿರದ ನೆಲ ಹೆಚ್ಚು ಬೆಳಗಿದಷ್ಟೂ ಕಣ್ಣಿನ ಪಾಪೆ ಕಿರಿದಾಗಿ ದೂರದ ಕತ್ತಲಿನಲ್ಲಿ ಇರುವುದು ಇನ್ನೂ ಕಡಿಮೆ ಕಾಣುತ್ತದೆ. ನೀವು ದುಡ್ಡು ಕೊಟ್ಟು ತಂದದ್ದು ಕಾಣುತ್ತಿದೆ ಎಂಬ ಸಮಾಧಾನವನ್ನು.

ಡಬ್ಬಿಯ ಮೇಲಿನ ಅಂಕಿಗಳ ಬಗ್ಗೆಯೂ ಒಂದು ಮಾತು. 30 ವ್ಯಾಟು, 20,000 ಲುಮೆನ್ ಎಂದು ಅಚ್ಚು ಹಾಕಿರುತ್ತಾರೆ. ಇಂಥ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು ನೂರು ಲುಮೆನ್ ಕೊಟ್ಟರೆ ಅದೇ ದೊಡ್ಡದು. ಗುಣಿಸಿ ನೋಡಲು ಇಂಜಿನಿಯರಿಂಗ್ ಓದಬೇಕಿಲ್ಲ. ಆದರೆ ನಮ್ಮ ಬಳಗದಲ್ಲಿ ಓದಿದವರೇ ಇದನ್ನು ಕೊಳ್ಳುತ್ತಿದ್ದಾರೆ. ಎರಡರಷ್ಟು ದೂರ ಕಾಣಬೇಕಾದರೆ ಆ ದಿಕ್ಕಿನಲ್ಲಿ ನಾಲ್ಕರಷ್ಟು ಬೆಳಕು ಬೇಕು, ಇದು ಹೈಸ್ಕೂಲಿನ ಪಾಠ. ಎಷ್ಟು ಬೆಳಕು ಹುಟ್ಟಿತು ಎಂಬುದಕ್ಕಿಂತ ಅದು ಎಲ್ಲಿ ಬಿತ್ತು ಎಂಬುದು ಮುಖ್ಯ.

ನನ್ನ ಕಾಕಾನ ವಿಷಯ ಹೇಳದಿದ್ದರೆ ಈ ಬರಹ ಬರೇ ಬಲ್ಬಿನ ಚರ್ಚೆಯಾಗುತ್ತದೆ. ಕಾಕಾನಿಗೆ ಅರವತ್ತೊಂದು. ಎರಡು ಎಮ್ಮೆ ಕಟ್ಟಿದ್ದ. ನಸುಕಿನಲ್ಲಿ ಮೊಪೆಡ್ಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವುದು ಅವನ ಮೂವತ್ತು ವರ್ಷದ ರೂಢಿ. ಹೋದ ವರ್ಷ ಚಳಿಗಾಲದಲ್ಲಿ ಸರ್ವಿಸ್ ರೋಡಿನಲ್ಲಿ ಎದುರಿಂದ ಒಂದು ಬೆಳಕು ಬಂತು. ಕಾಕಾ ಎಡಕ್ಕೆ ಎಳೆದುಕೊಂಡ. ಎಡಕ್ಕೆ ಗಟಾರ ಇತ್ತು. ಭುಜದ ಎಲುಬು ಮುರಿಯಿತು, ಮೊಣಕಾಲು ಇನ್ನೂ ಸರಿಯಾಗಿಲ್ಲ. ಆಸ್ಪತ್ರೆಯ ಖರ್ಚಿಗೆ ಒಂದು ಎಮ್ಮೆ ಹೋಯಿತು. ನಾನು ಹೋಗಿ ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಮೋಟರ್ ಸೈಕಲ್ಲೋ ಲಾರಿನೋ ಅದೂ ಗೊತ್ತಾಗ್ಲಿಲ್ಲೋ ತಮ್ಮಾ. ಎಲ್ಲಾ ಬೆಳ್ಳಗಾತು, ಆಮ್ಯಾಲೆ ಎಲ್ಲಾ ಕರ್ರಗಾತು." ಹಿಂದೆ ಬರುತ್ತಿದ್ದವರು ನೋಡಿದ್ದರು, ಅದು ಬೈಕು. ನಿಲ್ಲಲಿಲ್ಲ. ಹೆದರಿ ಓಡಿಹೋದ ಎಂದು ನಾನು ಹೇಳುವುದಿಲ್ಲ. ಅವನಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಗುದ್ದಿದ್ದರೆ ಸದ್ದಾಗುತ್ತಿತ್ತು. ಕಣ್ಣು ಕುಕ್ಕಿದರೆ ಸದ್ದಾಗುವುದಿಲ್ಲ. ಅವನ ಪ್ರಕಾರ ಅವನು ಆ ರಾತ್ರಿ ಸುರಕ್ಷಿತವಾಗಿ ಊರು ಮುಟ್ಟಿದ, ಹೊಸ ಲೈಟು ಚೆನ್ನಾಗಿದೆ.

ವಯಸ್ಸಾದಂತೆ ಕಣ್ಣಿನ ಮಸೂರ ಮಂಜಾಗುತ್ತದೆ, ಬಂದ ಬೆಳಕು ಒಳಗೇ ಚದುರುತ್ತದೆ, ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ಕಣ್ಣು ಕತ್ತಲಾದರೆ 50 ಮೀಟರ್ ಕುರುಡಾಗಿ ಓಡಿದಂತೆ. ನಸುಕಿನಲ್ಲಿ ಆ ರಸ್ತೆಯಲ್ಲಿ ಇರುವವರು ಯಾರು? ಹಾಲಿನವರು, ತರಕಾರಿಯವರು, ಕಬ್ಬು ಕಡಿಯಲು ಹೋಗುವವರು, ನಡೆದುಹೋಗುವ ಹೆಂಗಸರು. ಅಂದರೆ ನಮ್ಮ ಊರಿನವರೇ. ಅವರನ್ನು ನೋಡಲಿಕ್ಕೆಂದು ಹೊರಟ ನಾವು ಅವರ ಕಣ್ಣಿಗೆ ಲೈಟು ಹಿಡಿದು ಊರು ಸೇರುತ್ತಿದ್ದೇವೆ.

ಇದನ್ನು ಗೆಳೆಯರ ಮುಂದೆ ಹೇಳಿದಾಗ ಬರುವ ಉತ್ತರಗಳು ಮೂರು.

ಒಂದು, "ಟ್ರಕ್ಕಿನವರು ಅಪ್ಪರ್ ಇಳಿಸೋದೇ ಇಲ್ಲ, ನಾವ್ಯಾಕೆ ಇಳಿಸಬೇಕು?" ನಿಮ್ಮ ಲೈಟಿಗೆ ಹೆದರಿ ಟ್ರಕ್ಕಿನವನು ಇಳಿಸಿದ್ದನ್ನು ನೀವು ಎಷ್ಟು ಸಲ ಕಂಡಿದ್ದೀರಿ? ಅವನು ಎತ್ತರದಲ್ಲಿ ಕೂತಿರುತ್ತಾನೆ. ನಿಮ್ಮ ಬೆಳಕು ತಾಗುವುದು ನಿಮ್ಮ ಎತ್ತರದಲ್ಲಿ ಇರುವವನಿಗೆ: ಬೈಕಿನವನಿಗೆ, ಸೈಕಲ್ಲಿನವನಿಗೆ, ನಡೆಯುವವನಿಗೆ. ದೊಡ್ಡವನ ಮೇಲಿನ ಸಿಟ್ಟನ್ನು ಸಣ್ಣವನ ಮೇಲೆ ತೀರಿಸಿಕೊಳ್ಳುವುದಕ್ಕೆ ನಮ್ಮೂರಲ್ಲಿ ಒಳ್ಳೆಯ ಹೆಸರಿಲ್ಲ.

ಎರಡು, "ನಾನು ಡಿಪ್ಪರ್ ಹಾಕ್ತೀನಿ." ಹಾಕುತ್ತೀರಿ, ನಿಜ. ಆದರೆ ರಿಫ್ಲೆಕ್ಟರಿಗೆ ಹೊಂದದ ಬಲ್ಬಿನ ಡಿಪ್ಪರ್ ಹೆಸರಿಗೆ ಮಾತ್ರ ಡಿಪ್ಪರ್. ಮೀಟರಿನ ಮೇಲಿನ ನೀಲಿ ದೀಪ ಆರಿತು ಎಂದ ಮಾತ್ರಕ್ಕೆ ಬೆಳಕು ಕೆಳಗಿಳಿಯುವುದಿಲ್ಲ. 2017ರ ಏಪ್ರಿಲ್ 1ರಿಂದ ಬಂದ ಹೊಸ ದ್ವಿಚಕ್ರ ವಾಹನಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೂ ಇಲ್ಲ. ದಿಕ್ಕು ತಪ್ಪಿದ ಲೈಟು ಇಂಜಿನ್ ಓಡುವಷ್ಟು ಹೊತ್ತೂ ಯಾರದೋ ಮುಖದ ಮೇಲೆ ಇರುತ್ತದೆ.

ಮೂರು, "ಕಾನೂನಿಗೇ ಬೇಕಿಲ್ಲ, ನಿನಗ್ಯಾಕೆ?" ಕಾನೂನು ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದಿನ ದೀಪದ ಬೆಳಕು ಕೆಳಕ್ಕೆ ಬಾಗಿರಬೇಕು, ಎದುರಿನವರ ಕಣ್ಣು ಕುಕ್ಕಬಾರದು ಎನ್ನುತ್ತವೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಇಲ್ಲದೆ ಇರುವುದು ಅಳೆಯುವವರು. ನಾಕಾಬಂದಿಯಲ್ಲಿ ಹೆಲ್ಮೆಟ್ಟು, ಲೈಸೆನ್ಸು, ನಂಬರ್ ಪ್ಲೇಟು ನೋಡುತ್ತಾರೆ. ಎಂಎಚ್ ಊರಿನಲ್ಲಿ ಕೆಎ ಪ್ಲೇಟಿದ್ದರೆ ಇನ್ನಷ್ಟು ಆಸಕ್ತಿಯಿಂದ ನೋಡುತ್ತಾರೆ. ತಮ್ಮ ಕಣ್ಣಿಗೇ ಲೈಟು ಬಡಿಯುತ್ತಿದ್ದರೂ ಅದರ ಬಗ್ಗೆ ಕೇಳುವುದಿಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ನಾವೆಲ್ಲ ಪಿಯುಸಿ ಸರ್ಟಿಫಿಕೇಟಿಗಾಗಿ ಪೆಟ್ರೋಲ್ ಬಂಕಿನ ಬದಿಯ ಡಬ್ಬಿಯಂಗಡಿಗೆ ಆರು ತಿಂಗಳಿಗೋ ವರ್ಷಕ್ಕೋ ಹೋಗಲೇಬೇಕು. ಅಲ್ಲೊಂದು ಗೋಡೆ, ಗೋಡೆಯ ಮೇಲೊಂದು ಗೆರೆ ಇರಲಿ. ಡಿಪ್ಪರಿನ ಬೆಳಕು ಗೆರೆಯ ಮೇಲೆ ಹೋದರೆ ಸರ್ಟಿಫಿಕೇಟಿಲ್ಲ. ಹೊಗೆ ಅಳೆಯುವ ಹುಡುಗನೇ ಇದನ್ನೂ ನೋಡಬಹುದು. ಸರ್ಕಾರಕ್ಕೆ ಇದರಿಂದ ಖರ್ಚಾಗುವುದು ಒಂದು ಡಬ್ಬಿ ಬಣ್ಣ. ಜೊತೆಗೆ ಕಂಪನಿಗಳು ರಾತ್ರಿ ಓಡಿಸಲು ಯೋಗ್ಯವಾದ ದೀಪವನ್ನು ಕೊಡಲೇಬೇಕೆಂಬ ಒತ್ತಡವನ್ನು ಕೊಳ್ಳುವವರಾದ ನಾವು ಹಾಕಬೇಕು. ಮೈಲೇಜ್ ಎಷ್ಟು ಎಂದು ಕೇಳುವ ಹಾಗೆ, ರಾತ್ರಿ ಟೆಸ್ಟ್ ರೈಡ್ ಕೊಡಿ ಎಂದು ಕೇಳಿ.

ಅಲ್ಲಿಯವರೆಗೆ ಕತ್ತಲಲ್ಲೇ ಹೋಗಬೇಕೇ ಎಂದು ಕೇಳುವವರಿಗೆ ನಾನು ಮಾಡಿಕೊಂಡಿರುವುದನ್ನು ಹೇಳುತ್ತೇನೆ. ಮೊದಲು ಗಾಜು ಒರೆಸಿದೆ, ಕಪ್ಪಾದ ರಿಫ್ಲೆಕ್ಟರ್ ಬದಲಿಸಿದೆ. ಆಮೇಲೆ ಬಲ್ಬಿನ ಹೋಲ್ಡರಿನಲ್ಲಿ ಎಷ್ಟು ವೋಲ್ಟ್ ಬರುತ್ತಿದೆ ಎಂದು ಮೀಟರಿನಲ್ಲಿ ನೋಡಿಸಿದೆ. ತೆಳು ವೈರು, ಸವೆದ ಸ್ವಿಚ್ಚು ದಾಟಿ ಬರುವಷ್ಟರಲ್ಲಿ ವೋಲ್ಟೇಜು ಹತ್ತು ಪರ್ಸೆಂಟ್ ಇಳಿದರೆ ಹ್ಯಾಲೊಜನ್ನಿನ ಬೆಳಕು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವ ಬೈಕಾದರೆ, ಒಂದು ರಿಲೇ, ಒಂದು ಫ್ಯೂಸು, ದಪ್ಪ ವೈರು ಹಾಕಿ ಕರೆಂಟು ನೇರ ಬ್ಯಾಟರಿಯಿಂದ ತರಿಸಬಹುದು. ಅದೇ ಬಲ್ಬು, ಅದೇ ಆಕಾರದ ಬೆಳಕು, ನಿಜವಾಗಿಯೂ ಹೆಚ್ಚು ಕಾಣುತ್ತದೆ. ವಾರಂಟಿ ಇರುವ ಬೈಕಿನ ವೈರು ಮಾತ್ರ ಕತ್ತರಿಸಬೇಡಿ. 100 ವ್ಯಾಟಿನ ಬಲ್ಬು ತುರುಕಬೇಡಿ. ಎಂಟು ಆಂಪಿಯರಿಗೂ ಹೆಚ್ಚು ಕರೆಂಟಿಗೆ ಆ ಹೋಲ್ಡರು ಕರಗುತ್ತದೆ. ಎಲ್‌ಇಡಿಯೇ ಬೇಕೆಂದರೆ ಅದಕ್ಕೆಂದೇ ಮಾಡಿದ ಇಡೀ ಹೆಡ್‌ಲ್ಯಾಂಪ್ ಹಾಕಿಸಿ, ಅದೂ ಎಡಗಡೆ ಓಡಿಸುವ ದೇಶಕ್ಕಾಗಿ ಮಾಡಿದ್ದು. ಬಲಗಡೆ ಓಡಿಸುವ ದೇಶದ ಲ್ಯಾಂಪಿನ ಬೆಳಕು ಬಲಕ್ಕೆ ಏರುತ್ತದೆ. ನಮ್ಮ ಬಲಕ್ಕೆ ಇರುವವನು ಎದುರಿನವನು. ಹೆಚ್ಚುವರಿ ಲೈಟು ಹಾಕಿದ್ದರೆ ಅದು ಅಪ್ಪರ್ ಇದ್ದಾಗ ಮಾತ್ರ ಉರಿಯುವಂತೆ ಕಟ್ಟಿಸಿ, ಡಿಪ್ಪರ್ ಒತ್ತಿದೊಡನೆ ಆರಬೇಕು.

ವೇಗದ ಲೆಕ್ಕವನ್ನೂ ಮರೆಯಬೇಡಿ. ಡಿಪ್ಪರಿನಲ್ಲಿ ಕಪ್ಪು ಕಂಬಳಿ ಹೊದ್ದವನು 40–50 ಮೀಟರಿಗಿಂತ ಮೊದಲು ಕಾಣುವುದು ಕಷ್ಟ. 60ರ ವೇಗದಲ್ಲಿ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 40 ಮೀಟರ್ ಬೇಕು, 80ರಲ್ಲಿ 60 ದಾಟುತ್ತದೆ. ಹೊಸ ಲೈಟು ಹಾಕಿದ ಗೆಳೆಯರೆಲ್ಲ ಹೆಚ್ಚಾಗಿ ಕಂಡ ಆ ಹತ್ತು ಮೀಟರನ್ನು ವೇಗಕ್ಕೆ ಖರ್ಚು ಮಾಡುತ್ತಾರೆ. ಹಾಗಾದರೆ ಉಳಿದದ್ದೇನು?

ದೀಪಾವಳಿಗೆ ಊರಿಗೆ ಹೊರಡುವ ಮುಂಚೆ ಒಂದು ಕೆಲಸ ಮಾಡಿ. ಸೊಸೈಟಿಯ ಪಾರ್ಕಿಂಗಿನಲ್ಲಿ ಸಮ ನೆಲ ಹುಡುಕಿ, ಗೋಡೆಯಿಂದ 10 ಮೀಟರ್ ದೂರ ಬೈಕು ನಿಲ್ಲಿಸಿ. ನೀವು ಸೀಟಿನ ಮೇಲೆ ಕೂತಿರಿ, ಹಿಂದೆ ಬ್ಯಾಗು ಕಟ್ಟುವವರು ಬ್ಯಾಗನ್ನೂ ಕಟ್ಟಿರಿ, ಭಾರ ಬಿದ್ದರೆ ಮೂತಿ ಮೇಲೇಳುತ್ತದೆ. ಡಿಪ್ಪರಿನ ಬೆಳಕಿನ ಮೇಲಂಚು ಲ್ಯಾಂಪಿನ ನಡುಮಧ್ಯದ ಎತ್ತರಕ್ಕಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಬೀಳಬೇಕು. ಇಲ್ಲವಾದರೆ ಲ್ಯಾಂಪಿನ ಸ್ಕ್ರೂ ತಿರುಗಿಸಿ. ಅಂಥದೊಂದು ಅಂಚೇ ಕಾಣದಿದ್ದರೆ, ಗೋಡೆಯೆಲ್ಲ ಒಂದೇ ಬಿಳಿ ಕಲೆಯಾಗಿದ್ದರೆ, ಆ ಬಲ್ಬು ಕಿತ್ತುಹಾಕಿ. ಆಮೇಲೆ ಗೆಳೆಯನೊಬ್ಬನನ್ನು ಸೀಟಿನ ಮೇಲೆ ಕೂರಿಸಿ, ಲೈಟು ಉರಿಯುತ್ತಿರಲಿ, ನೀವು ಮುಂದೆ ಹೋಗಿ ನಿಂತು ಒಂದು ಫೋಟೊ ತೆಗೆಯಿರಿ. ಗುಂಪಿಗೆ ಅದನ್ನು ಹಾಕಿ.